ಗುಜರಿಯಿಂದ ತಂದ ಇಂಜಿನ್ ಆಯಿಲ್ ತಿಂತಿದ್ರೆ: ಸೀಲಾ, ರಿಂಗಾ, ಟಾಪ್ ಅಪ್ಪಾ, ಇನ್ನೊಂದು ಇಂಜಿನ್ನಾ?

ನಮ್ದು 2007ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, ಆ ಹಳೇ 1.3 ಇಂಜಿನ್ನಿಂದು. ರೇಡಿಯೇಟರ್ ಹೋಸ್ ಒಡೆದು ನೀರೆಲ್ಲ ಸೋರಿ ಹೋಗಿದ್ರೂ ಗಮನಿಸ್ದೆ ಅರಸೀಕೆರೆ ರೋಡಲ್ಲಿ ಎಂಟ್ ಕಿಲೋಮೀಟರ್ ಓಡ್ಸಿದ್ದು ನಾನೇ, ಹಾಗಾಗಿ ಇಂಜಿನ್ ಸೀಜ್ ಆಗಿದ್ದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಬೋರಿಂಗ್ ಮಾಡ್ಸಿ (ಸವೆದ ಸಿಲಿಂಡರ್ ಕೊರೆದು ಸರಿ ಮಾಡೋದು) ಫುಲ್ ಇಂಜಿನ್ ಕೆಲಸ ಅಂದ್ರೆ ನಲವತ್ತೈದು ಸಾವ್ರ ಅಂದ್ರು, ಬೆಂಗಳೂರಿಂದ ಗುಜರಿ ಇಂಜಿನ್ ತರ್ಸಿದ್ರೆ ಇಪ್ಪತ್ತಾರು, ಕೂರ್ಸೋಕೆ ಎಂಟು. ಎರಡ್ನೇದಕ್ಕೇ ಜೈ ಅಂದೆ. ಬಂತು, ಕೂರ್ಸಿದ್ರು, ಸ್ಟಾರ್ಟೂ ಆಯ್ತು, ಪಿಕಪ್ ನಮ್ ಹಳೇ ಇಂಜಿನ್‌ಗಿಂತ ಚೆನ್ನಾಗಿದೆ ಅಂತ ಖುಷೀನೂ ಪಟ್ಟೆ. 600 ಕಿಲೋಮೀಟರ್ ಆದ್ಮೇಲೆ ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳೆದು ನೋಡಿದ್ರೆ ತುದೀಲಿ ಬರೀ ಒಂದ್ ಹನಿ.

ಮೆಕ್ಯಾನಿಕ್ ಕಾರ್ ಸುತ್ತ ಒಂದು ರೌಂಡ್ ಬಂದು ಸೈಲೆನ್ಸರ್ ಒಳಗೆ ಬೆರಳಾಡ್ಸಿ ಕಪ್ಪು ತೋರ್ಸಿ, "ರಿಂಗ್ ಹೋಗಿದೆ ಸರ್, ಬಿಚ್ಬಿಡಣ" ಅಂದ. ರಿಂಗ್ ಅಂದ್ರೆ ಪಿಸ್ಟನ್ ಸುತ್ತ ಇರೋ ಬಳೆ, ಆಯಿಲ್ ಮೇಲೆ ಹೋಗದಂಗೆ ತಡೆಯೋದು. ನಾನು "ಒಂದು ವಾರ ಟೈಮ್ ಕೊಡಣ್ಣ" ಅಂದೆ. ಆ ಒಂದು ವಾರ ಮೂರು ತಿಂಗಳಾಯ್ತು. ಆದ್ರೆ ಕೊನೆಗೆ ರಿಂಗ್ ಬಿಚ್ಚೋ ಪ್ರಮೇಯಾನೇ ಬರ್ಲಿಲ್ಲ. ಇದೇ ಪರಿಸ್ಥಿತೀಲಿ ಇರೋರಿಗೆ ಯಾವ್ದಕ್ಕೆ ದುಡ್ಡು ಹಾಕ್ಬೇಕು ಯಾವ್ದಕ್ಕೆ ಹಾಕ್ಬಾರ್ದು ಅಂತ ನಾನು ಕಂಡ್ಕೊಂಡಿದ್ದು ಬರೀತಿದೀನಿ. ಡೀಸೆಲ್, ಟರ್ಬೋ ಗಾಡಿಯೋರಿಗೆ ಇದ್ರಲ್ಲಿ ಅರ್ಧ ಮಾತ್ರ ಉಪಯೋಗ, ಟರ್ಬೋದ ಸೀಲೇ ಬೇರೆ ಕಥೆ.

ನಿಮ್ ಮುಂದೆ ಇರೋ ದಾರಿಗಳು ಇಷ್ಟೇ: ಸುಮ್ನೆ ಆಯಿಲ್ ಹಾಕ್ಕೊಂಡು ಓಡ್ಸೋದು, ವಾಲ್ವ್ ಸೀಲ್ (ವಾಲ್ವ್ ಸಂದೀಲಿ ಆಯಿಲ್ ಇಳೀದಂಗೆ ತಡೆಯೋ ರಬ್ಬರ್) ಬದಲಾಯ್ಸೋದು, ರಿಂಗ್ ಹಾಕ್ಸೋದು (ನಮ್ ಕಡೆ ಹಾಫ್ ಇಂಜಿನ್ ಕೆಲಸ ಅಂತಾರೆ), ಬೋರಿಂಗ್ ಮಾಡ್ಸಿ ಪಿಸ್ಟನ್ ಸಮೇತ ಹೊಸದು ಹಾಕೋದು, ಇಲ್ಲಾ ಈ ಇಂಜಿನ್ ವಾಪಸ್ ಕೊಟ್ಟು ಇನ್ನೊಂದು ತರೋದು. ಇವುಗಳ ಮಧ್ಯೆ ಐನೂರು ರೂಪಾಯಿಂದ ಐವತ್ತು ಸಾವ್ರದವರೆಗೂ ವ್ಯತ್ಯಾಸ ಇದೆ, ಆದ್ರೂ ಜನ ಹೊಗೆ ಬಣ್ಣ ನೋಡಿ ಐದು ನಿಮಿಷದಲ್ಲಿ ತೀರ್ಮಾನ ಮಾಡ್ತಾರೆ.

ಮೊದ್ಲು ಅಳೀರಿ

ಎಷ್ಟು ತಿಂತಿದೆ ಅಂತ ಗೊತ್ತಿಲ್ದೆ ಏನೂ ಮಾಡೋಕಾಗಲ್ಲ, "ಜಾಸ್ತಿ ತಿಂತಿದೆ" ಅನ್ನೋದು ಲೆಕ್ಕ ಅಲ್ಲ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ, ದಿನಾ ಒಂದೇ ಜಾಗದಲ್ಲಿ, ಸಮತಟ್ಟಾದ ನೆಲದಲ್ಲಿ ನಿಲ್ಸಿ ನೋಡ್ಬೇಕು. ಪೆಟ್ರೋಲ್ ಬಂಕಲ್ಲಿ ಹುಡುಗ ಬಿಸಿ ಇಂಜಿನ್ ಆಫ್ ಮಾಡಿದ ತಕ್ಷಣ ಡಿಪ್‌ಸ್ಟಿಕ್ ಎಳೆದು "ಸರ್ ಆಯಿಲ್ ಕಮ್ಮಿ ಇದೆ" ಅಂತಾನಲ್ಲ, ಅದನ್ನ ನಂಬ್ಬೇಡಿ, ಆಗ ಸ್ವಲ್ಪ ಆಯಿಲ್ ಇನ್ನೂ ಇಂಜಿನ್ ಮೇಲ್ಭಾಗದಲ್ಲೇ ಇರತ್ತೆ. ಬಹಳಷ್ಟು ಕಾರಲ್ಲಿ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಮಧ್ಯೆ ಸುಮಾರು ಒಂದು ಲೀಟರ್ ಇರತ್ತೆ, ಆದ್ರೆ ಗೆರೆ ನೋಡಿ ಅಂದಾಜು ಮಾಡೋದಕ್ಕಿಂತ ಅಡುಗೆಮನೆ ತೂಕದ ಮೆಷಿನ್ ಒಳ್ಳೇದು. ಒಂದು ಲೀಟರ್ ಇಂಜಿನ್ ಆಯಿಲ್ ಹತ್ತತ್ರ 860 ಗ್ರಾಂ ತೂಗತ್ತೆ. ಮೇಲಿನ ಗೆರೆವರೆಗೂ ತುಂಬ್ಸಿ, ಆಯಿಲ್ ಡಬ್ಬ ತೂಕ ಮಾಡಿ ಬರ್ಕೊಳಿ, 1000 ಕಿಮೀ ಓಡ್ಸಿ, ಮತ್ತೆ ಅದೇ ಗೆರೆಗೆ ಬರೋವಷ್ಟು ಹಾಕಿ, ಡಬ್ಬ ಮತ್ತೆ ತೂಗಿ. ನಮ್ಮನೇಲಿ ಇದಕ್ಕೆ ಒಂದು ಜಗಳಾನೂ ಆಯ್ತು, ಮೈದಾ ತೂಗೋ ಮೆಷಿನ್ ಮೇಲೆ ಇಂಜಿನ್ ಆಯಿಲ್ ಡಬ್ಬ ಇಟ್ಟಿದ್ದಕ್ಕೆ.

ಎಷ್ಟಾದ್ರೆ ಓಕೆ? ಚೆನ್ನಾಗಿರೋ ಇಂಜಿನ್ನೂ ಸ್ವಲ್ಪ ತಿನ್ನತ್ತೆ, ಸಿಲಿಂಡರ್ ಗೋಡೆ ಮೇಲೆ ಆಯಿಲ್ ಪದರ ಇಲ್ದೆ ಪಿಸ್ಟನ್ ಓಡಲ್ಲ. ಕೆಲವು ಕಂಪನಿಗಳು 1000 ಕಿಮೀಗೆ ಅರ್ಧ ಲೀಟರ್, ಇನ್ನು ಕೆಲವು ಒಂದು ಲೀಟರ್‌ವರೆಗೂ ನಾರ್ಮಲ್ ಅಂತ ಪುಸ್ತಕದಲ್ಲೇ ಬರ್ಕೊಂಡಿವೆ, ಅದು ವಾರಂಟಿ ತಪ್ಪಿಸ್ಕೊಳೋ ಲೆಕ್ಕ ಅಂತ ನನ್ನ ಅನಿಸಿಕೆ. ನನ್ನ ಲೆಕ್ಕ: ಲಕ್ಷ ದಾಟಿರೋ ಇಂಜಿನ್‌ಗೆ 1000 ಕಿಮೀಗೆ ಕಾಲು ಲೀಟರ್ ಒಳಗಿದ್ರೆ ಮರೆತುಬಿಡಿ, ಅರ್ಧ ಲೀಟರ್ ಆದ್ರೆ ಕಾರಣ ಹುಡುಕಿ, ಒಂದು ಲೀಟರ್ ದಾಟಿದ್ರೆ ಖರ್ಚಿಗೆ ರೆಡಿಯಾಗಿ.

ಇನ್ನೊಂದು ಮಾತು, "ಹೊಗೇನೇ ಬರ್ತಿಲ್ಲ, ಹಾಗಾದ್ರೆ ಆಯಿಲ್ ಸುಡ್ತಿಲ್ಲ" ಅನ್ನೋದು ತಪ್ಪು. 1000 ಕಿಮೀಗೆ ಒಂದು ಲೀಟರ್ ಅಂದ್ರೆ ಕಿಲೋಮೀಟರ್‌ಗೆ ಒಂದು ಎಂಎಲ್, ಅಂದಾಜು ಇಪ್ಪತ್ತು ಹನಿ, ನಾಲ್ಕು ಸಿಲಿಂಡರ್‌ಗೆ ಹಂಚಿದ್ರೆ ಒಂದೊಂದಕ್ಕೆ ಐದೇ ಹನಿ, ಅದೂ ಒಂದಿಡೀ ಕಿಲೋಮೀಟರಲ್ಲಿ. ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಲ್ಲಿ ಹೊಗೆ ಶುದ್ಧ ಮಾಡೋ ಡಬ್ಬ) ಬಿಸಿಯಾಗಿದ್ರೆ ಆ ಆಯಿಲಲ್ಲಿ ಹೆಚ್ಚಿನ ಪಾಲು ಅಲ್ಲೇ ಉರಿದು ಹೋಗತ್ತೆ. ಕಣ್ಣಿಗೆ ಏನೂ ಕಾಣಲ್ಲ.

ಇದರ ಉಲ್ಟಾನೂ ಇದೆ. ಹಳೇ ಇಂಜಿನ್ ಸಾಯೋ ಮುಂಚೆ ಆಯಿಲ್ ಸುಡ್ತಿತ್ತು ಅಂತಿಟ್ಕೊಳಿ, ಸೈಲೆನ್ಸರ್ ಒಳಗೆಲ್ಲ ಆಯಿಲ್ ಕೂತಿರತ್ತೆ, ಇಂಜಿನ್ ಬದಲಾಯ್ಸಿದ್ರೂ ಸೈಲೆನ್ಸರ್ ಅದೇ ಅಲ್ವಾ, ಹೊಸ್ದಾಗಿ ಬಂದಿರೋ ಇಂಜಿನ್ ಏನೂ ತಪ್ಪು ಮಾಡ್ದೇ ಇದ್ರೂ ಮೊದಲ ಕೆಲವು ನೂರು ಕಿಲೋಮೀಟರ್ ಹಿಂದೆ ನೀಲಿ ಹೊಗೆ ಬರ್ತಾನೇ ಇರತ್ತೆ. ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗೋ ಪೈಪ್) ಒಳಗೆ ನಿಂತಿರೋ ಹಳೇ ಆಯಿಲ್ ಕಥೇನೂ ಅಷ್ಟೇ. ಅದಕ್ಕೇ ಹೊಗೆ ನೋಡ್ಬೇಡಿ, ಡಬ್ಬ ತೂಗಿ ಅಂದಿದ್ದು.

ಸೋರ್ತಿದ್ಯಾ, ಸುಡ್ತಿದ್ಯಾ

ರಾತ್ರಿ ಗಾಡಿ ಕೆಳಗೆ ಒಂದು ಕಾರ್ಡ್‌ಬೋರ್ಡ್ ಹಾಸಿ. ಆದ್ರೆ ಬೆಳಿಗ್ಗೆ ಕಾರ್ಡ್‌ಬೋರ್ಡ್ ಕ್ಲೀನ್ ಇದೆ ಅಂತ ಸಮಾಧಾನ ಪಟ್ಕೊಬೇಡಿ, ಆಯಿಲ್ ಪ್ರೆಷರ್ ಸ್ವಿಚ್ ಥರದ್ದು ಇಂಜಿನ್ ಓಡುವಾಗ ಮಾತ್ರ ಸೋರತ್ತೆ, ನಿಂತಾಗ ಒಣ. ಗುಜರಿ ಇಂಜಿನ್ ತಿಂಗಳಾನುಗಟ್ಲೆ ಬಿಸಿಲಲ್ಲೋ ಶೆಡ್ಡಲ್ಲೋ ಬಿದ್ದಿರತ್ತೆ, ರಬ್ಬರ್ ಎಲ್ಲ ಗಟ್ಟಿಯಾಗಿರತ್ತೆ: ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್, ಕ್ಯಾಮ್ ಸೀಲ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗ್ಸೋ ಶಾಫ್ಟ್) ಹಿಂದಿನ ಸೀಲ್, ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್. ಇವೆಲ್ಲ ಇಂಜಿನ್ ಹೊರಗಿದ್ದಾಗ್ಲೇ ಹಾಕಿಸ್ಬೇಕಿತ್ತು, ಎಲ್ಲಾ ಸೇರಿ ಸಾಮಾನು ಎರಡು ಸಾವ್ರ ಆಗ್ತಿತ್ತೋ ಏನೋ, ನಾನು ಹಾಕ್ಸಲಿಲ್ಲ, ಈಗ ಹಿಂದಿನ ಸೀಲ್ ಸೋರಿದ್ರೆ ಗೇರ್‌ಬಾಕ್ಸ್ ಇಳಿಸ್ಬೇಕು. ನೀವಿನ್ನೂ ಇಂಜಿನ್ ಕೂರ್ಸಿಲ್ಲ ಅಂದ್ರೆ ಇಲ್ಲಿಗೇ ಓದೋದು ನಿಲ್ಸಿ ಹೋಗಿ ಹಾಕ್ಸಿ. ಕೂರ್ಸಾಗಿದ್ರೆ ಇಂಜಿನ್ ಚೆನ್ನಾಗಿ ತೊಳ್ಸಿ, ಒಣಗ್ಸಿ, ಅನುಮಾನ ಇರೋ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರ್ಸಿ ಇಪ್ಪತ್ತು ಕಿಲೋಮೀಟರ್ ಓಡ್ಸಿ ಬನ್ನಿ. ಪೌಡರ್ ಎಲ್ಲಿ ಒದ್ದೆಯೋ ಅಲ್ಲೇ ಸೋರಿಕೆ.

ಇಂಜಿನ್‌ದಲ್ಲ, ಕೂರ್ಸಿದವರದ್ದು

ಬೇರೆ ಯಾರೂ ಹೇಳಲ್ಲ ಇದನ್ನ. ಇಂಜಿನ್ ಬದಲಾಯ್ಸಿದ ಗಾಡೀಲಿ ಆಯಿಲ್ ಕಮ್ಮಿ ಆಗ್ತಿದೆ ಅಂದ್ರೆ ಮೊದಲ ಅನುಮಾನ ಕೂರ್ಸಿದ ಕೆಲಸದ ಮೇಲೇ ಇರ್ಬೇಕು.

ನಮ್ಮದ್ರಲ್ಲಿ ಏನಾಗಿತ್ತು ಅಂದ್ರೆ, ಬೆಂಗಳೂರಿಂದ ಬರುವಾಗ ಟೆಂಪೋದಲ್ಲಿ ಇಂಜಿನ್ ಹೊರಳಿ ಡಿಪ್‌ಸ್ಟಿಕ್ ಹೋಗೋ ಟ್ಯೂಬ್ ಬಗ್ಗಿತ್ತು, ನಮ್ ಹಳೇ ಇಂಜಿನ್ನಿಂದು ಕಿತ್ತು ಹಾಕಿದ್ರು, ಅದು ಬ್ಲಾಕ್ ಒಳಗೆ ಪೂರ್ತಿ ಕೂತಿರ್ಲಿಲ್ಲ, ಒಂದು ಬೆರಳಿನಷ್ಟು ಮೇಲೇ ನಿಂತಿತ್ತು. ಟ್ಯೂಬ್ ಮೇಲಿದ್ರೆ ಡಿಪ್‌ಸ್ಟಿಕ್ಕೂ ಮೇಲಿರತ್ತೆ, ತುದಿ ಆಯಿಲ್‌ಗೆ ಸರಿಯಾಗಿ ಮುಳುಗಲ್ಲ, ಇರೋದಕ್ಕಿಂತ ಕಮ್ಮಿ ತೋರ್ಸತ್ತೆ. ನಾನು ಕಮ್ಮಿ ಇದೆ ಅಂತ ಹಾಕ್ತಾ ಹೋದೆ. ಚೇಂಬರಲ್ಲಿ ಅಳತೆ ಮೀರಿ ಆಯಿಲ್ ತುಂಬಿದ್ರೆ ಕ್ರ್ಯಾಂಕ್ ಅದನ್ನ ಮಜ್ಜಿಗೆ ಕಡೆದ ಹಾಗೆ ಕಡೆಯತ್ತೆ, ನೊರೆ ಬ್ರೀದರ್ ಪೈಪಲ್ಲಿ (ಇಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡೋದು) ಹತ್ತಿ ಮ್ಯಾನಿಫೋಲ್ಡ್‌ಗೆ ಹೋಗಿ ಪೆಟ್ರೋಲ್ ಜೊತೆ ಉರಿಯತ್ತೆ. ಅಂದ್ರೆ ಇಂಜಿನ್ ನಿಜವಾಗ್ಲೂ ಆಯಿಲ್ ತಿಂತಿತ್ತು, ತಿನ್ನಿಸ್ತಾ ಇದ್ದಿದ್ದು ನಾನು. ಪೂರ್ತಿ ಡ್ರೈನ್ ಮಾಡಿ ಬಕೆಟ್ಟಿಗೆ ಹಿಡಿದು ಅಳೆದ್ರೆ ಪುಸ್ತಕದಲ್ಲಿ ಹೇಳಿರೋದಕ್ಕಿಂತ ಮುಕ್ಕಾಲು ಲೀಟರ್ ಜಾಸ್ತಿ ಬಂತು.

ಈ 1298 ಸಿಸಿ ಜಿ13ಬಿಬಿ ಇಂಜಿನ್ ಎಸ್ಟೀಮ್, ಜಿಪ್ಸಿ, ಮೊದಲ ಜನರೇಷನ್ ಸ್ವಿಫ್ಟ್ ಎಲ್ಲಕ್ಕೂ ಬಂದಿದೆ, 2010ರಲ್ಲಿ ಸ್ವಿಫ್ಟ್‌ಗೆ ಕೆ-ಸೀರೀಸ್ 1.2 ಬರೋವರೆಗೂ ಇದೇ ಇತ್ತು. ಹಾಗಾಗಿ ಗುಜರೀಲಿ ಅದರ ಹೆಡ್ (ವಾಲ್ವ್ ಕೂತಿರೋ ಮೇಲ್ಭಾಗ) ಇದಕ್ಕೆ ಇದರ ಚೇಂಬರ್ ಅದಕ್ಕೆ ಅಂತ ಅದಲು ಬದಲು ಮಾಡೋದು ಮಾಮೂಲಿ. ಜಿಪ್ಸೀಲಿ ಇಂಜಿನ್ ಉದ್ದಕ್ಕೆ ಕೂರತ್ತೆ, ಸ್ವಿಫ್ಟಲ್ಲಿ ಅಡ್ಡಕ್ಕೆ, ಚೇಂಬರ್ರೇ ಬೇರೆ. ಯಾವ ಚೇಂಬರ್‌ಗೆ ಯಾವ ಡಿಪ್‌ಸ್ಟಿಕ್ ಬಿದ್ದಿದೆ ಅಂತ ಯಾರಿಗ್ಗೊತ್ತು. ಪೂರ್ತಿ ಡ್ರೈನ್ ಮಾಡಿ, ಫಿಲ್ಟರ್ ಬದಲಾಯ್ಸಿ, ನಿಮ್ ಗಾಡಿ ಪುಸ್ತಕದಲ್ಲಿರೋಷ್ಟನ್ನೇ ಅಳೆದು ಹಾಕಿ, ಒಂದು ನಿಮಿಷ ಓಡ್ಸಿ, ಹತ್ತು ನಿಮಿಷ ಬಿಟ್ಟು ನೋಡಿ ಡಿಪ್‌ಸ್ಟಿಕ್ ಮೇಲೆ ಬ್ಲೇಡಲ್ಲಿ ನಿಮ್ಮದೇ ಗೆರೆ ಎಳ್ಕೊಳಿ. ಖರ್ಚು ಆಯಿಲ್ ದುಡ್ಡು ಮಾತ್ರ.

ಎರಡ್ನೇದು ಪಿಸಿವಿ ವಾಲ್ವ್. ನೂರಿನ್ನೂರು ರೂಪಾಯಿ ಸಾಮಾನು, ಬೆರಳುದ್ದ ಇರತ್ತೆ, ಟ್ಯಾಪೆಟ್ ಕವರ್ ಹತ್ರ ಇರೋ ಪೈಪಲ್ಲಿ. ಇಂಜಿನ್ ಒಳಗಿನ ಹಬೆ, ಗ್ಯಾಸ್ ಎಲ್ಲ ಅಳತೆಯಾಗಿ ಮ್ಯಾನಿಫೋಲ್ಡ್‌ಗೆ ಬಿಡೋದು ಇದರ ಕೆಲಸ. ತೆರ್ಕೊಂಡೇ ಜಾಮ್ ಆದ್ರೆ ಮ್ಯಾನಿಫೋಲ್ಡ್ ಆಯಿಲ್ ಹೀರ್ಕೊಳತ್ತೆ, ಮುಚ್ಕೊಂಡು ಜಾಮ್ ಆದ್ರೆ ಒಳಗೆ ಪ್ರೆಷರ್ ಏರಿ ಸಿಕ್ಕ ಸಿಕ್ಕ ಸೀಲಲ್ಲೆಲ್ಲ ಆಯಿಲ್ ಹೊರಗೆ ತಳ್ಳತ್ತೆ. ಕೈಲಿ ಹಿಡ್ದು ಅಲ್ಲಾಡ್ಸಿದ್ರೆ ಕಟಕಟ ಅನ್ಬೇಕು. ಅನ್ಲಿಲ್ಲ ಅಂದ್ರೆ ಬಿಸಾಕಿ. ಅಂದ್ರೂ ಬಿಸಾಕಿ, ಇಷ್ಟು ಕಮ್ಮಿ ರೇಟಿನ ಸಾಮಾನಿಗೆ ಯೋಚ್ನೆ ಯಾಕೆ. ಪೈಪ್‌ಗಳನ್ನ ಉಲ್ಟಾ ಹಾಕಿರ್ತಾರೆ ಕೆಲವ್ಸಲ, ಅದೇ ಮಾಡೆಲ್ ಇನ್ನೊಂದು ಗಾಡಿ ಬಾನೆಟ್ ತೆಗ್ಸಿ ಪಕ್ಕಪಕ್ಕ ಇಟ್ಟು ನೋಡಿ.

ಇವೆರಡು ಸರಿ ಮಾಡಿದ್ಮೇಲೆ ನಮ್ ಗಾಡಿ 1000 ಕಿಮೀಗೆ 1100 ಎಂಎಲ್ ಇದ್ದಿದ್ದು 450ಕ್ಕೆ ಇಳೀತು. ಒಂದು ಬೋಲ್ಟೂ ಬಿಚ್ದೆ ಅರ್ಧಕ್ಕಿಂತ ಜಾಸ್ತಿ ಕಾಯಿಲೆ ವಾಸಿ.

ಕಂಪ್ರೆಷನ್ ಗೇಜು, ಮತ್ತೆ ಹಾಸನದ ಎತ್ತರ

ಮೆಕ್ಯಾನಿಕ್ ಬಿಡ್ಬೇಕಲ್ಲ, ಕಂಪ್ರೆಷನ್ ಚೆಕ್ ಮಾಡೇಬಿಡಣ ಅಂದ. ಪಿಸ್ಟನ್ ಗಾಳೀನ ಎಷ್ಟು ಜೋರಾಗಿ ಒತ್ತತ್ತೆ ಅಂತ ಪ್ಲಗ್ ತೂತಲ್ಲಿ ಗೇಜು ಹಾಕಿ ನೋಡೋದು. ಮಾಡೋ ಕ್ರಮ ಇದು: ಇಂಜಿನ್ ಬಿಸಿ ಇರ್ಬೇಕು, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೀಬೇಕು, ಪೆಟ್ರೋಲ್ ಪಂಪ್ ಫ್ಯೂಸ್ ಕಿತ್ತಿರ್ಬೇಕು, ಇಗ್ನಿಷನ್ ಕನೆಕ್ಷನ್ ಬಿಡಿಸಿರ್ಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸಲ ಸುತ್ತೋವರೆಗೂ ಸೆಲ್ಫ್ ಹೊಡೀಬೇಕು, ಬ್ಯಾಟರಿ ಫುಲ್ ಚಾರ್ಜ್ ಇರ್ಬೇಕು. ಆಕ್ಸಿಲರೇಟರ್ ಒತ್ತೋದು ಮರೆತ್ರೆ ಒಳ್ಳೇ ಇಂಜಿನ್ನೂ ಕೆಟ್ಟಿದೆ ಅಂತ್ಲೇ ಬರೋದು. ನಮಗೆ ಬಂದ ಒತ್ತಡ 172, 170, 174, 168 ಪಿಎಸ್‌ಐ.

"ನೋಡಿ ಸರ್ ನಾಲ್ಕ್ನೇದು 168, ಬುಕ್ಕಲ್ಲಿ ಲಿಮಿಟ್ಟೇ 170, ನಾನೇನ್ ಹೇಳ್ದೆ" ಅಂದ. ಪುಸ್ತಕದಲ್ಲಿ ಇರೋದು ನಿಜ, ಈ ಇಂಜಿನ್‌ಗೆ ಸುಜುಕಿ ಲೆಕ್ಕ ಸರಿಯಾಗಿದ್ರೆ 199 ಪಿಎಸ್‌ಐ, ಕನಿಷ್ಠ 170, ಸಿಲಿಂಡರ್ ಸಿಲಿಂಡರ್‌ಗೂ ವ್ಯತ್ಯಾಸ 14 ಮೀರಬಾರದು. ಆದ್ರೆ ಈ ಲೆಕ್ಕವನ್ನ ಸಮುದ್ರ ಮಟ್ಟದ ಗಾಳಿಗೆ ಅಂತ ಓದ್ಬೇಕು. ನಾವಿರೋದು ಹಾಸನದಲ್ಲಿ, ಸಾವಿರ ಮೀಟರ್‌ಗೆ ಹತ್ತಿರ. ಬೆಂಗಳೂರು 900 ಮೀಟರ್ ಮೇಲಿದೆ. ಇಷ್ಟು ಎತ್ತರದಲ್ಲಿ ಗಾಳಿ ಒತ್ತಡಾನೇ ಹತ್ತರಲ್ಲಿ ಒಂದು ಪಾಲು ಕಮ್ಮಿ, ಇಂಜಿನ್ ಒಳಗೆ ಎಳ್ಕೊಳೋ ಗಾಳೀನೂ ಅಷ್ಟೇ ಕಮ್ಮಿ, ಗೇಜಲ್ಲೂ ಅಷ್ಟೇ ಕಮ್ಮಿ ಬರತ್ತೆ. 199ರಲ್ಲಿ ಹತ್ತನೇ ಒಂದು ಕಳೆದ್ರೆ 179, 170ರಲ್ಲಿ ಕಳೆದ್ರೆ 153. ಅಂದ್ರೆ ನಮ್ಮ 168 ಲಿಮಿಟ್‌ಗಿಂತ ಆರಾಮಾಗಿ ಮೇಲಿದೆ. ಇದೇ ಇಂಜಿನ್ ಇದೇ ಗೇಜಲ್ಲಿ ಮಂಗಳೂರಲ್ಲಿ ಚೆಕ್ ಮಾಡಿದ್ರೆ 185 ಆಸುಪಾಸು ಬರ್ಬೇಕು. ಇದನ್ನ ಹೇಳಿದ್ರೆ ಅವನು "ಹಾಗಾದ್ರೆ ಮಂಗಳೂರಲ್ಲೇ ರಿಪೇರಿ ಮಾಡ್ಸಿ ಸರ್" ಅಂದ.

ನಂಬರ್ ಎಷ್ಟು ಅನ್ನೋದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನೋದು ಮುಖ್ಯ, ಗೇಜು ಗೇಜಿಗೂ ವ್ಯತ್ಯಾಸ ಇದ್ದೇ ಇರತ್ತೆ. ಒಂದು ಮಾತ್ರ ತೀರಾ ಕಮ್ಮಿ ಬಂದ್ರೆ ಆ ಪ್ಲಗ್ ತೂತಿಗೆ ಒಂದು ಟೀ ಸ್ಪೂನ್ ಆಯಿಲ್ ಬಿಟ್ಟು ಮತ್ತೆ ಚೆಕ್ ಮಾಡಿ. ಏರಿದ್ರೆ ರಿಂಗ್ ಅಥವಾ ಬೋರ್ (ಸಿಲಿಂಡರ್ ಒಳಗೋಡೆ) ಸವೆದಿದೆ, ಏರ್ಲಿಲ್ಲ ಅಂದ್ರೆ ವಾಲ್ವ್ ಇಲ್ಲಾ ಹೆಡ್ ಪ್ಯಾಕಿಂಗ್. ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿಂದ ಸುಯ್ ಅಂತಿದೆ ಅಂತ ಕೇಳೋ ಲೀಕ್ ಡೌನ್ ಟೆಸ್ಟ್ ಇದಕ್ಕಿಂತ ಒಳ್ಳೇದು: ಆಯಿಲ್ ಹಾಕೋ ಬಾಯಲ್ಲಿ ಜೋರಾಗಿ ಬಂದ್ರೆ ರಿಂಗ್, ಸೈಲೆನ್ಸರಲ್ಲಿ ಬಂದ್ರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡೀಲಿ ಬಂದ್ರೆ ಇನ್‌ಟೇಕ್ ವಾಲ್ವ್, ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಹೆಡ್ ಪ್ಯಾಕಿಂಗ್.

ಇಲ್ಲೊಂದು ದೊಡ್ಡ ಗುಂಡಿ ಇದೆ, ಹುಷಾರು. ಕಂಪ್ರೆಷನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ರಿಂಗ್ ಚೆನ್ನಾಗಿದೆ ಅಂತಲ್ಲ. ಪಿಸ್ಟನ್ ಮೇಲೆ ಮೂರು ರಿಂಗ್, ಮೇಲಿನೆರಡು ಕಂಪ್ರೆಷನ್ ಹಿಡಿಯೋದು, ಕೆಳಗಿಂದು ಆಯಿಲ್ ಒರೆಸೋದು. ಆಯಿಲ್ ಟೈಮ್‌ಗೆ ಬದಲಾಯಿಸ್ದೆ ಓಡ್ಸಿದ ಗಾಡೀಲಿ ಆ ಕೆಳಗಿನ ರಿಂಗ್ ಕಾರ್ಬನ್ನಲ್ಲಿ ಅಂಟ್ಕೊಂಡು, ಅದರ ಹಿಂದಿನ ಸಣ್ಣ ತೂತುಗಳೆಲ್ಲ ಕಟ್ಟಿಹೋಗಿ, ಒರೆಸೋ ಕೆಲಸಾನೇ ನಿಲ್ಸಿಬಿಟ್ಟಿರತ್ತೆ. ಗೇಜು ಫಸ್ಟ್ ಕ್ಲಾಸ್ ತೋರ್ಸತ್ತೆ, ಆಯಿಲ್ ಮಾತ್ರ ಮಾಯ.

ಶಿರಾಡಿ ಘಾಟ್ ಟೆಸ್ಟ್

ಸೀಲಾ ರಿಂಗಾ ಅಂತ ಹೇಳೋಕೆ ನಮ್ ಕಡೆಯವರಿಗೆ ದೇವ್ರು ಕೊಟ್ಟಿರೋ ಮೆಷಿನ್ ಅಂದ್ರೆ ಘಾಟಿ. ಸಕಲೇಶಪುರದಿಂದ ಗುಂಡ್ಯದವರೆಗೆ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮೂರನೇ ಗೇರಲ್ಲಿ ಇಂಜಿನ್ ಬ್ರೇಕಿಂಗಲ್ಲೇ ಇಳೀರಿ. ಆಗ ಥ್ರಾಟಲ್ ಮುಚ್ಚಿರತ್ತೆ, ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಜೋರಾಗಿರತ್ತೆ, ವಾಲ್ವ್ ಸೀಲ್ ಗಟ್ಟಿಯಾಗಿದ್ರೆ ಹೆಡ್ ಮೇಲಿನ ಆಯಿಲ್ ಗೈಡ್ (ವಾಲ್ವ್ ಓಡಾಡೋ ಕೊಳವೆ) ಸಂದೀಲಿ ಒಳಗೆ ಎಳ್ಕೊಂಡು ಹೋಗಿ ಕೂತಿರತ್ತೆ. ಸಮತಟ್ಟು ಬಂದಾಗ ಒಂದು ಸಲ ಆಕ್ಸಿಲರೇಟರ್ ತುಳೀರಿ. ನಮ್ ಭಾವ ಹಿಂದೆ ಅವರ ಗಾಡೀಲಿ ಬರ್ತಿದ್ರು, ಪಕ್ಕದಲ್ಲಿ ಅವರ ಮಗ ಮೊಬೈಲ್ ಹಿಡ್ಕೊಂಡು ವಿಡಿಯೋ. ನಾನು ತುಳಿದ ತಕ್ಷಣ ಒಂದು ದೊಡ್ಡ ನೀಲಿ ಹೊಗೆ ಭುಸ್ ಅಂತ ಬಂದು ಎರಡು ಸೆಕೆಂಡಲ್ಲಿ ಕ್ಲಿಯರ್. ಫೋನ್ ಮಾಡಿ "ಲೋ ಸೊಳ್ಳೆ ಹೊಗೆ ಬಿಟ್ಟಂಗೆ ಬಿಟ್ಯಲ್ಲೋ" ಅಂದ್ರು ಭಾವ. ವಾಪಸ್ ಬರುವಾಗ ಘಾಟಿ ಪೂರ್ತಿ ಹತ್ತಿದ್ವಿ, ಎರಡನೇ ಗೇರು ಮೂರನೇ ಗೇರಲ್ಲಿ ಲೋಡ್ ಮೇಲೆ, ಹೊಗೆ ಸುಳಿವೇ ಇಲ್ಲ.

ಇದರ ಅರ್ಥ: ಇಳಿದ್ಮೇಲೆ ಭುಸ್ ಅಂತ ಬಂದು ನಿಂತ್ರೆ ಸೀಲ್. ಹತ್ತುವಾಗ, ಲೋಡಲ್ಲಿ, ಬಿಡದೇ ಬರ್ತಿದ್ರೆ ರಿಂಗ್. ಬೆಳಿಗ್ಗೆ ಫಸ್ಟ್ ಸ್ಟಾರ್ಟಲ್ಲಿ ಒಂದು ಉಸಿರು ನೀಲಿ ಹೊಗೆ ಬಂದು ಮಾಯ ಆದ್ರೂ ಸೀಲೇ, ರಾತ್ರಿಯೆಲ್ಲ ಹನಿ ಹನಿ ಇಳಿದು ವಾಲ್ವ್ ಮೇಲೆ ಕೂತಿರತ್ತೆ. ಸಿಗ್ನಲ್ಲಲ್ಲಿ ಮೂರು ನಾಲ್ಕು ನಿಮಿಷ ಐಡಲ್ ನಿಂತು ಹೊರಟಾಗ ಬಂದ್ರೂ ಸೀಲ್ ಕಡೆಗೇ ಅನುಮಾನ, ಬೆಂಗಳೂರವರಿಗೆ ಘಾಟಿ ಬೇಡ, ಸಿಲ್ಕ್ ಬೋರ್ಡ್ ಟ್ರಾಫಿಕ್ ಸಾಕು. ಬಿಳಿ ಹೊಗೆ ಬಿಡದೇ ಬಂದು ರೇಡಿಯೇಟರ್ ನೀರೂ ಕಮ್ಮಿ ಆಗ್ತಿದ್ರೆ ಅದು ಆಯಿಲ್ ಸಮಸ್ಯೆ ಅಲ್ಲ, ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ.

ಇಂಜಿನ್ ಐಡಲಲ್ಲಿದ್ದಾಗ ಆಯಿಲ್ ಕ್ಯಾಪ್ ತೆಗೆದು ಬಾಯಿ ಮೇಲೆ ಒಂದು ತೆಳು ಕಾಗದ ಇಡಿ. ಸ್ವಲ್ಪ ಒಳಗೆ ಎಳ್ಕೊಂಡ್ರೆ, ಇಲ್ಲಾ ಸುಮ್ನಿದ್ರೆ ಒಳ್ಳೇದು. ಬುಸುಬುಸು ಅಂತ ಹಾರಿಸಿಬಿಟ್ರೆ ಬ್ಯಾಕ್ ಕಂಪ್ರೆಷನ್ (ಉರಿದ ಗ್ಯಾಸ್ ರಿಂಗ್ ದಾಟಿ ಕೆಳಗೆ ನುಗ್ಗೋದು), ಪಿಸಿವಿ ಸರಿ ಇದ್ದೂ ಹಾಗಾಗ್ತಿದ್ರೆ ರಿಂಗ್ ಕಥೆ ಮುಗೀತು. ಪ್ಲಗ್ಗೂ ನೋಡಿ: ನಾಲ್ಕೂ ಒಂದೇ ಥರ ಕಪ್ಪಗೆ ಜಿಡ್ಡಾಗಿದ್ರೆ ಪಿಸಿವಿ ಇಲ್ಲಾ ಒಟ್ಟಾರೆ ಸವೆತ, ಒಂದೇ ಪ್ಲಗ್ ಒದ್ದೆ ಅಂದ್ರೆ ಕಾಯಿಲೆ ಆ ಒಂದು ಸಿಲಿಂಡರದ್ದು. ಮೊಬೈಲ್‌ಗೆ ಚುಚ್ಚೋ ಬೋರ್‌ಸ್ಕೋಪ್ ಕ್ಯಾಮೆರಾ ಈಗ ಸಾವಿರ ಎರಡು ಸಾವಿರಕ್ಕೆ ಸಿಗತ್ತೆ, ಪ್ಲಗ್ ತೂತಲ್ಲಿ ಇಳಿಸಿ ಪಿಸ್ಟನ್ ತಲೆ ನೋಡಿ. ಅಂಚಿನ ಸುತ್ತ ಕಾರ್ಬನ್ ತೊಳೆದಂಗೆ ಪಳಪಳ ಅಂತಿದ್ರೆ ಆಯಿಲ್ ಕೆಳಗಿಂದ, ರಿಂಗ್ ದಾಟಿ ಬರ್ತಿದೆ. ಗೋಡೆ ಮೇಲೆ ಉದ್ದುದ್ದ ಗೀರು ಕಂಡ್ರೆ ಬರೀ ರಿಂಗ್ ಹಾಕ್ಸಿ ಪ್ರಯೋಜನ ಇಲ್ಲ.

ಈಗ ಯಾವ್ದು ಆರಿಸ್ಕೊಳೋದು

ವಾಲ್ವ್ ಸೀಲ್ ಅಂತ ಗೊತ್ತಾದ್ರೆ ಅದೃಷ್ಟ, ಕಣ್ಮುಚ್ಚಿ ಮಾಡ್ಸಿ. ನಮ್ಮದು 16 ವಾಲ್ವ್, 16 ಸೀಲ್, ಒಳ್ಳೇ ಕಂಪನಿದೇ ಹಾಕಿದ್ರೂ ಸಾಮಾನು ದೊಡ್ಡ ಖರ್ಚಲ್ಲ, ಕೂಲಿನೇ ಜಾಸ್ತಿ. ಇದರಲ್ಲೂ ಎರಡು ಥರ. ಹೆಡ್ ಇಳಿಸ್ದೇ ಮಾಡೋದು ಒಂದು: ಪಿಸ್ಟನ್ ಸ್ವಲ್ಪ ಕೆಳಗಿದ್ದಾಗ ಪ್ಲಗ್ ತೂತಲ್ಲಿ ನೈಲಾನ್ ಹಗ್ಗ ತುರುಕಿ, ಕ್ರ್ಯಾಂಕ್ ತಿರುಗ್ಸಿದ್ರೆ ಹಗ್ಗ ಮೇಲೆ ಒತ್ತಿ ವಾಲ್ವ್ ಕೆಳಗೆ ಬೀಳದಂಗೆ ಹಿಡ್ಕೊಳತ್ತೆ, ಆಗ ಸ್ಪ್ರಿಂಗ್ ಬಿಚ್ಚಿ ಸೀಲ್ ಬದಲಾಯ್ಸೋದು. ನಾನು ಮೊದಲ ಸಲ ನೋಡಿದಾಗ ಇದೇನೋ ಬಾವಿಗೆ ಹಗ್ಗ ಬಿಟ್ಟಂಗೆ ಬಿಡ್ತಿದಾನಲ್ಲ ಅಂತ ನಗು ಬಂತು, ಆದ್ರೆ ಕೆಲಸ ಮಾಡತ್ತೆ. ಹಗ್ಗದ ತುದಿ ಮಾತ್ರ ಹೊರಗೇ ಇರ್ಲಿ. ಇನ್ನೊಂದು ಹೆಡ್ ಇಳಿಸಿ ಮಾಡೋದು, ಆಗ ವಾಲ್ವ್ ಗೈಡ್ ಆಟ ಬಂದಿದ್ಯಾ ನೋಡ್ಬಹುದು, ಲ್ಯಾಪಿಂಗ್ (ವಾಲ್ವ್ ಉಜ್ಜಿ ಸರಿಯಾಗಿ ಕೂರ್ಸೋದು) ಮಾಡ್ಬಹುದು, ಹೆಡ್ ಪ್ಯಾಕಿಂಗ್ ಹೊಸದಾಗತ್ತೆ. ಗೈಡ್ ಸವೆದು ವಾಲ್ವ್ ಅಲ್ಲಾಡ್ತಿದ್ರೆ ಹೊಸ ಸೀಲ್ ಹಾಕಿದ್ರೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ರಾಗ. ನನಗೆ ಹೆಡ್ ಇಳಿಸ್ದೇ ಆರೂವರೆ ಸಾವ್ರ, ಇಳಿಸಿ ಮಾಡಿದ್ರೆ ಹದಿಮೂರು ಹೇಳಿದ್ರು. ಕಂಪ್ರೆಷನ್ ನಾಲ್ಕೂ ಸಮ ಇದ್ದಿದ್ದಕ್ಕೆ ಮೊದಲನೇದೇ ಸಾಕು ಅಂದೆ. ಕ್ಯಾಮ್ ಬಿಚ್ಚೋಕೆ ಹೇಗೂ ಟೈಮಿಂಗ್ ಬೆಲ್ಟ್ ಬಿಚ್ಬೇಕು, ಗುಜರಿ ಇಂಜಿನ್ ಬೆಲ್ಟ್ ಎಷ್ಟು ಓಡಿದೆ ಅಂತ ಯಾರಿಗೂ ಗೊತ್ತಿರಲ್ಲ, ಬೆಲ್ಟ್, ಟೆನ್ಷನರ್, ಕ್ಯಾಮ್ ಸೀಲ್ ಅಲ್ಲೇ ಬದಲಾಯ್ಸಿಬಿಡಿ. ಈ ಕೆಲಸ ಆಗಿ ಹನ್ನೊಂದು ಸಾವಿರ ಕಿಲೋಮೀಟರ್ ಆಯ್ತು, ಈಗ 1000 ಕಿಮೀಗೆ 140 ಎಂಎಲ್.

ರಿಂಗ್ ಅಂಟ್ಕೊಂಡಿದೆ ಅನ್ನೋ ಅನುಮಾನ ಇದ್ರೆ ಬಿಚ್ಚೋ ಮುಂಚೆ ನೆನೆಸಿ ನೋಡಿ. ಪ್ಲಗ್ ತೂತಲ್ಲಿ ಕಾರ್ಬನ್ ಕರಗಿಸೋ ಲಿಕ್ವಿಡ್ ಬಿಟ್ಟು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಪ್ಲಗ್ ಇಲ್ದೇನೇ ಸೆಲ್ಫ್ ಹೊಡೆದು ಎಲ್ಲಾ ಹೊರಗೆ ಹಾಕಿ. ಇದನ್ನ ಮರೆತು ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದ್ರೆ ದ್ರವ ಗಾಳಿ ಥರ ಕುಗ್ಗಲ್ಲ, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗತ್ತೆ. ಆಮೇಲೆ ಆಯಿಲ್, ಫಿಲ್ಟರ್ ಬದಲಾಯ್ಸಲೇಬೇಕು. ಕೆಲವರಿಗೆ ಅರ್ಧಕ್ಕರ್ಧ ಕಮ್ಮಿ ಆಗಿದೆ, ಕೆಲವರಿಗೆ ಏನೂ ಆಗಿಲ್ಲ. ತಿಂಗಳುಗಟ್ಟಲೆ ಓಡದೇ ಬಿದ್ದಿದ್ದ ಇಂಜಿನ್ ಆದ್ರೆ ಮೊದಲ ಸಾವಿರ ಕಿಲೋಮೀಟರ್ ಓಡೋದ್ರಲ್ಲೇ ರಿಂಗ್ ಬಿಟ್ಕೊಂಡು ಸರಿ ಹೋಗೋದೂ ಉಂಟು, ಹಾಗಾಗಿ ಮೊದಲ ವಾರದಲ್ಲೇ ಬಿಚ್ಬೇಡಿ.

ಹಾಫ್ ಇಂಜಿನ್ ಕೆಲಸ ಅಂದ್ರೆ ಹೆಡ್ಡೂ ಇಳಿಸ್ಬೇಕು, ಚೇಂಬರ್ರೂ ಇಳಿಸ್ಬೇಕು, ಪಿಸ್ಟನ್ ಹೊರಗೆ ತೆಗೀಬೇಕು. ನನಗೆ ಹೇಳಿದ್ದು ಇಪ್ಪತ್ತೆರಡು ಸಾವ್ರ. ಇಲ್ಲಿ ಮೋಸ ಆಗೋದು ಎಲ್ಲಿ ಅಂದ್ರೆ, ಹಳೇ ಬೋರ್‌ಗೆ ಹೋನಿಂಗೂ (ಗೋಡೆ ಮೇಲೆ ಸಣ್ಣ ಅಡ್ಡ ಗೆರೆ ಹಾಕೋದು) ಮಾಡ್ದೆ ಹೊಸ ರಿಂಗ್ ಸೆಟ್ ಹಾಕಿ ಕೊಟ್ಟುಬಿಡ್ತಾರೆ. ಗೋಡೆ ಕನ್ನಡಿ ಥರ ನುಣ್ಣಗಿದ್ರೆ ಹೊಸ ರಿಂಗ್ ಕೂರೋದೇ ಇಲ್ಲ, ಆ ಅಡ್ಡಡ್ಡ ಗೆರೆ ಇದ್ರೇನೇ ಆಯಿಲ್ ನಿಂತು ರಿಂಗ್ ಹೊಂದ್ಕೊಳೋದು. ಬೋರ್ ಎಷ್ಟು ಸವೆದಿದೆ, ಮೊಟ್ಟೆ ಆಕಾರ ಆಗಿದ್ಯಾ ಅಂತ ಲೇತ್‌ನವರ ಹತ್ರ ಬೋರ್ ಗೇಜಲ್ಲಿ ಅಳಿಸಿ, ನೀವೇ ನಿಂತು ನೋಡಿ, ರೀಡಿಂಗ್ ಕಾಗದದಲ್ಲಿ ಬರೆಸ್ಕೊಳಿ. ಲಿಮಿಟ್ ದಾಟಿದ್ರೆ ಬೋರಿಂಗ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ನೇ ಗತಿ, ಆಗ ಖರ್ಚು ನಲವತ್ತರ ಆ ಕಡೆ. ನನ್ನ ಅಭಿಪ್ರಾಯ ಕೇಳಿದ್ರೆ, ಗುಜರಿ ಇಂಜಿನ್‌ಗೆ ಇಪ್ಪತ್ತಾರು ಕೊಟ್ಟು ಮತ್ತೆ ನಲವತ್ತು ಹಾಕೋ ಹಾಗಿದ್ರೆ ಮೊದಲೇ ನಿಮ್ಮ ಸ್ವಂತ ಇಂಜಿನ್ನನ್ನೇ ಮಾಡಿಸ್ಬೇಕಿತ್ತು, ಆರ್‌ಸಿ ತಲೆನೋವೂ ಇರ್ತಿರ್ಲಿಲ್ಲ. ನಿಮ್ ಹಳೇ ಬ್ಲಾಕ್ ಇನ್ನೂ ಗ್ಯಾರೇಜ್ ಮೂಲೇಲಿದ್ರೆ ಮಾರ್ಬೇಡಿ.

ಸುಮ್ನೆ ಟಾಪ್ ಅಪ್ ಮಾಡೋದು ಅವಮಾನ ಅಲ್ಲ. ಲೀಟರ್‌ಗೆ 400 ರೂಪಾಯಿ ಹಿಡೀರಿ, 1000 ಕಿಮೀಗೆ ಅರ್ಧ ಲೀಟರ್, ತಿಂಗಳಿಗೆ 800 ಕಿಮೀ ಓಡ್ಸೋರಿಗೆ ವರ್ಷಕ್ಕೆ ಎರಡು ಸಾವ್ರವೂ ಆಗಲ್ಲ. ಇನ್ನು ಎರಡು ವರ್ಷ ಓಡ್ಸಿ ಮಾರೋ ಗಾಡಿಗೆ ಇಪ್ಪತ್ತೆರಡು ಸಾವ್ರದ ರಿಂಗ್ ಯಾಕೆ? ಆದ್ರೆ ತಿಂಗಳಿಗೆ ಮೂರು ಸಾವಿರ ಕಿಮೀ ಓಡ್ಸೋರಿಗೆ ಈ ಲೆಕ್ಕ ಉಲ್ಟಾ. ಆಯಿಲಲ್ಲಿರೋ ಫಾಸ್ಫರಸ್ ಕ್ಯಾಟಲಿಟಿಕ್ ಕನ್ವರ್ಟರನ್ನ ನಿಧಾನಕ್ಕೆ ಕೊಲ್ಲತ್ತೆ, ಆಕ್ಸಿಜನ್ ಸೆನ್ಸರ್ ಮೇಲೂ ಕೂರತ್ತೆ, ಎಮಿಷನ್ ಟೆಸ್ಟಲ್ಲಿ ಹೈಡ್ರೋಕಾರ್ಬನ್ ಏರತ್ತೆ. ದಪ್ಪ ಆಯಿಲ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಈ ಹಳೇ ಇಂಜಿನ್‌ಗೆ 20ಡಬ್ಲ್ಯೂ-50 ಹಾಕಿದ್ರೆ ಸ್ವಲ್ಪ ಕಮ್ಮಿ ಆಗೋದು ನಿಜ, ನಡೆಯತ್ತೆ. ಆದ್ರೆ 0ಡಬ್ಲ್ಯೂ-20, 5ಡಬ್ಲ್ಯೂ-30 ಕೇಳೋ ಈಗಿನ ಇಂಜಿನ್‌ಗಳಿಗೆ ಆ ಐಡಿಯಾ ಬೇಡ. ಗುಜರಿಯವರೂ ತೋರ್ಸುವಾಗ ದಪ್ಪ ಆಯಿಲ್ ತುಂಬ್ಸಿ ಹೊಗೆ ಮುಚ್ಚಿಡ್ತಾರೆ, ಅದಕ್ಕೇ ತಂದ ತಕ್ಷಣ ಡ್ರೈನ್ ಮಾಡ್ಬೇಕು.

ಇನ್ನೊಂದು ಇಂಜಿನ್ ತರೋದು ಅಂದ್ರೆ ಮತ್ತೊಂದು ಲಾಟರಿ ಟಿಕೆಟ್. ಕೂರ್ಸೋ ಕೂಲಿ ಎರಡನೇ ಸಲ ನಿಮ್ ಜೇಬಿಂದಾನೇ, ಗುಜರಿಯವ್ರು ಇಂಜಿನ್ ಬದಲಿ ಕೊಟ್ರೂ ಕೂಲಿ ಕೊಡಲ್ಲ. ವಾರಂಟಿ ಅಂತ ಹೇಳೋ ಹದಿನೈದು ದಿನ ಒಂದು ತಿಂಗಳು ಇದ್ದಾಗ್ಲೇ ಕಂಪ್ರೆಷನ್ ರೀಡಿಂಗ್ ವಿಡಿಯೋ ಮಾಡ್ಕೊಂಡು ಕಳ್ಸಿ, ತಿಂಗಳು ದಾಟಿದ್ಮೇಲೆ ಫೋನೇ ಎತ್ತಲ್ಲ. ಎರಡು ಸಿಲಿಂಡರಲ್ಲಿ ಕಂಪ್ರೆಷನ್ ತೀರಾ ಬಿದ್ದಿದ್ರೆ, ಬೋರಲ್ಲಿ ಗೀರಿದ್ರೆ, ವಾರಂಟಿ ಇನ್ನೂ ಇದ್ರೆ ಮಾತ್ರ ಈ ದಾರಿ. ಎರಡನೇ ಸಲ ತಗೊಳೋದಾದ್ರೆ ಅಂಗಡೀಲೇ ಪ್ಲಗ್ ತೆಗ್ಸಿ ಬೋರ್‌ಸ್ಕೋಪ್ ಇಳಿಸಿ ನೋಡಿ, ಆಯಿಲ್ ಕ್ಯಾಪ್ ತೆಗೆದು ಒಳಗೆ ಗ್ರೀಸ್ ಥರ ಕಪ್ಪು ಕೆಸರು ಕಟ್ಟಿದ್ರೆ ರೇಟ್ ಕೇಳ್ದೆ ಮುಂದಿನ ಅಂಗಡಿಗೆ ಹೋಗಿ. ಇಂಜಿನ್ ನಂಬರ್ ಉಜ್ಜಿದ್ರೂ ಅಷ್ಟೇ. ಬಿಲ್ಲಲ್ಲಿ ಇಂಜಿನ್ ನಂಬರ್ ಬರೆಸ್ಕೊಳಿ, ಅದು ಯಾವ ಗಾಡೀದು ಅನ್ನೋದಕ್ಕೆ ಕಾಗದ ಕೇಳಿ, ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ನಂಬರ್ ಏರಿಸ್ಬೇಕು, ಇನ್ಶೂರೆನ್ಸ್‌ನವ್ರಿಗೂ ತಿಳಿಸ್ಬೇಕು. ನಾನು ಬಿಲ್ ತಗೊಂಡಿದ್ದೆ, ಅದರಲ್ಲಿ ನಂಬರ್ರಲ್ಲಿ ಒಂದು ಅಂಕಿ ತಪ್ಪು ಬರೆದಿದ್ರು, ಆ ಒಂದು ಅಂಕಿಗೆ ಹಾಸನ ಬೆಂಗಳೂರು ಎರಡು ಸಲ ಓಡಾಡಿದೀನಿ, ಅದೇ ಗಾಡೀಲಿ.